ಕೋಲಾರದ ಮಕ್ಕಳಿಗೆ ಯಾವ ಕಡಲು? ವಿದೇಶಿ ಸಾಗರಜೀವಿ ಇಂಟರ್ನ್‌ಶಿಪ್‌ಗಳ ಒಂದು ಸಮೀಕ್ಷೆ

ಕೋಲಾರ ಜಿಲ್ಲೆಗೆ ಕಡಲಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಆದರೂ ಇಲ್ಲಿನ ಕೆರೆಗಳು ಕೋಡಿ ಬಿದ್ದ ವರ್ಷ ಆ ನೀರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯ ಕಡೆಗೇ ಹೋಗುತ್ತದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಪಾಲಾರ್ ಬೇತಮಂಗಲದ ಕೆರೆ ತುಂಬಿಸಿ, ಆಂಧ್ರದ ಒಂದು ಮೂಲೆ ದಾಟಿ, ಚೆನ್ನೈಗೆ ದಕ್ಷಿಣದಲ್ಲಿ ವಯಲೂರಿನ ಬಳಿ ಸಮುದ್ರ ಸೇರುತ್ತದೆ. ಪ್ರತಿ ವರ್ಷ ಚಳಿಗಾಲ ಕಳೆಯುವ ಹೊತ್ತಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ದಡ ಹತ್ತುವುದು ಅದೇ ಕರಾವಳಿಯಲ್ಲಿ.

ಸುಗಟೂರು ಹೋಬಳಿಯ ಹಳ್ಳಿಯಿಂದ ಬಸ್ಸು ಹಿಡಿದು ಕೋಲಾರದ ಕಾಲೇಜಿಗೆ ಬರುವ ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿಯ ಫೋನಿನಲ್ಲಿ ಇವತ್ತು ಕಾಣುವುದು ಬೇರೆ ಕಡಲುಗಳು. ಮೊಜಾಂಬಿಕ್‌ನ ತಿಮಿಂಗಿಲ ಶಾರ್ಕ್, ದಕ್ಷಿಣ ಆಫ್ರಿಕಾದ ಬಿಳಿ ಶಾರ್ಕ್, ಗ್ರೀಸಿನ ಆಮೆ, ಬಹಾಮಾಸ್‌ನ ಹವಳದ ದಿಬ್ಬ. ಪ್ರತಿಯೊಂದರ ಕೆಳಗೂ ಸಂಶೋಧನಾ ಇಂಟರ್ನ್‌ಶಿಪ್‌ಗೆ ಕರೆ ಇರುತ್ತದೆ. ಎಷ್ಟೋ ಕಡೆ ಸಂಬಳ ಬರುವುದಿಲ್ಲ, ಶುಲ್ಕವನ್ನು ವಿದ್ಯಾರ್ಥಿಯೇ ಕಟ್ಟಬೇಕು. ಹೋಗಬೇಕೆ, ಬೇಡವೆ? ಹೋದರೆ ಯಾವುದಕ್ಕೆ, ಯಾರ ದುಡ್ಡಿನಲ್ಲಿ? ಜೀವವಿಜ್ಞಾನಿಗಳ ನಡುವೆ ಇದು ಬಿಸಿಯಾದ ಚರ್ಚೆ. ನಮ್ಮ ಕಾಲೇಜುಗಳಲ್ಲಿ ಮಾತ್ರ ಇದರ ಮಾತೇ ಅಪರೂಪ. ಅದಕ್ಕಾಗಿಯೇ ಈ ಬರಹ.

ಮೇಜಿನ ಬಾಡಿಗೆಯಿಂದ ಶುರುವಾದದ್ದು

ಕಡಲ ಜೀವಿಗಳನ್ನು ಓದಲು ಪರದೇಶಕ್ಕೆ ಹೋಗುವ ಪದ್ಧತಿಗೆ ಸುಮಾರು ಒಂದೂವರೆ ಶತಮಾನದ ವಯಸ್ಸು. ಜರ್ಮನಿಯ ಆಂಟನ್ ಡೋರ್ನ್ 1872ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಪ್ರಾಣಿಶಾಸ್ತ್ರ ಕೇಂದ್ರವೊಂದನ್ನು ಕಟ್ಟಲು ತೊಡಗಿದರು. ಅದನ್ನು ನಡೆಸಲು ಅವರು ಕಂಡುಕೊಂಡ ದಾರಿ ವಿಶಿಷ್ಟವಾದದ್ದು. ಪ್ರಯೋಗಾಲಯದ ಮೇಜುಗಳನ್ನು ಬೇರೆ ಬೇರೆ ಸರ್ಕಾರಗಳಿಗೂ ವಿಶ್ವವಿದ್ಯಾಲಯಗಳಿಗೂ ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರು. ಬಾಡಿಗೆ ಕಟ್ಟಿದ ಸಂಸ್ಥೆ ತನ್ನ ವಿಜ್ಞಾನಿಯನ್ನು ಕಳಿಸುತ್ತಿತ್ತು. ಕೇಂದ್ರವು ಅವನಿಗೆ ಜಾಗ, ಸಲಕರಣೆ, ಬೆಳಗ್ಗೆ ಹಿಡಿದು ತಂದ ಜೀವಂತ ಪ್ರಾಣಿಗಳು ಎಲ್ಲವನ್ನೂ ಒದಗಿಸುತ್ತಿತ್ತು. ಹಣ ಸಂಸ್ಥೆಯದು, ಕಲಿಕೆ ವ್ಯಕ್ತಿಯದು.

ಈ ಏರ್ಪಾಟಿನಲ್ಲೂ ಹೊರಗುಳಿದವರಿದ್ದರು. ಹೆಂಗಸರಿಗೆ ಆ ಮೇಜುಗಳು ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ಶತಮಾನದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಐಡಾ ಹೈಡ್ ಮುಂದಾಗಿ, ಮಹಿಳಾ ಕಾಲೇಜುಗಳಿಂದ ಹಣ ಕೂಡಿಸಿ, ಹೆಣ್ಣುಮಕ್ಕಳಿಗೆಂದೇ ನೇಪಲ್ಸ್‌ನಲ್ಲಿ ಒಂದು ಮೇಜು ಹಿಡಿಸಲು ಸಂಘ ಕಟ್ಟಿದರು. ಯಾರಿಗೆ ಅವಕಾಶ, ಅದಕ್ಕೆ ಯಾರು ದುಡ್ಡು ಕೊಡಬೇಕು ಎಂಬ ಇವತ್ತಿನ ಪ್ರಶ್ನೆಗೆ ಆಗಲೇ ಒಂದು ಉತ್ತರ ಸಿಕ್ಕಿತ್ತು. ಆಮೇಲೆ ಬಂದವರು ಅದನ್ನು ಮರೆತಂತಿದೆ.

1888ರಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಸಾಗರ ಜೀವಶಾಸ್ತ್ರದ ಪ್ರಯೋಗಾಲಯ ತೆರೆಯಿತು, ಅದೇ ವರ್ಷ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಇನ್ನೊಂದು. ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಕಡಲ ದಡಕ್ಕೆ ಬಂದು ಕೆಲಸ ಕಲಿಯುವ ರೂಢಿ ಅಲ್ಲಿ ಬೇರೂರಿತು. ಮುಂದೆ ಕಡಲಿನ ಬಗ್ಗೆ ಜಗತ್ತೇ ಓದಿದ ಪುಸ್ತಕಗಳನ್ನು ಬರೆದ ರೇಚಲ್ ಕಾರ್ಸನ್ ಮೊದಲ ಸಲ ಸಮುದ್ರದ ಎದುರು ಕೂತು ಅಧ್ಯಯನ ಮಾಡಿದ್ದು 1929ರ ಬೇಸಿಗೆಯಲ್ಲಿ, ವುಡ್ಸ್ ಹೋಲ್‌ನಲ್ಲಿ. ಅವರೂ ಕಡಲಿಲ್ಲದ ಒಳನಾಡಿನ ಹಳ್ಳಿಯ ಹುಡುಗಿಯೇ ಆಗಿದ್ದರು.

ಲೆಕ್ಕ ತಿರುಗಿದ್ದು 1970ರ ದಶಕದಲ್ಲಿ. 1971ರಲ್ಲಿ ಹುಟ್ಟಿದ ಅರ್ತ್‌ವಾಚ್ ಸಂಸ್ಥೆ ಸಾಮಾನ್ಯ ಜನರಿಂದ ಹಣ ಪಡೆದು, ಆ ಹಣದಿಂದಲೇ ಸಂಶೋಧನೆ ನಡೆಸಿ, ಹಣ ಕೊಟ್ಟವರನ್ನೇ ಕೆಲಸಕ್ಕೆ ಹಚ್ಚುವ ಮಾದರಿಯನ್ನು ಜನಪ್ರಿಯಗೊಳಿಸಿತು. ರಜೆಯಲ್ಲಿ ಒಳ್ಳೆಯ ಕೆಲಸ ಮಾಡಬಯಸಿದ ಸಂಬಳದಾರರಿಗೆ ಅದು ಸರಿಯಾಗಿಯೇ ಇತ್ತು. ಮುಂದಿನ ದಶಕಗಳಲ್ಲಿ ಇದೇ ಮಾದರಿಯನ್ನು ವಿದ್ಯಾರ್ಥಿಗಳಿಗೂ ತೊಡಿಸಿ ಇಂಟರ್ನ್‌ಶಿಪ್ ಎಂದು ಕರೆದಾಗ ತೊಡಕು ಶುರುವಾಯಿತು. ಸಂಸ್ಥೆ ಕಟ್ಟುತ್ತಿದ್ದ ಮೇಜಿನ ಬಾಡಿಗೆ ವಿದ್ಯಾರ್ಥಿಯ ತಲೆಗೆ ಬಂತು.

ಭಾರತದ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯಲ್ಲಿ ಹಲವು ದೇಶಗಳ 40ಕ್ಕೂ ಹೆಚ್ಚು ಹಡಗುಗಳು ನಮ್ಮ ಕಡಲಿಗೆ ಬಂದವು. ಅವು ಬಲೆ ಹಾಕಿ ಎತ್ತಿದ ಪ್ಲವಕಗಳನ್ನು ವಿಂಗಡಿಸಲು ಕೊಚ್ಚಿಯಲ್ಲಿ ಒಂದು ಕೇಂದ್ರ ತೆರೆದು, ಹೊರಗಿನ ತಜ್ಞರನ್ನು ಕರೆಸಿ ಇಲ್ಲಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟರು. ಆ ಯಾತ್ರೆಯ ಫಲವಾಗಿಯೇ 1966ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಒಂದು ತಲೆಮಾರಿನ ಭಾರತೀಯರು ವಿದೇಶಿ ವಿದ್ಯೆಯನ್ನು ತಮ್ಮ ದಡದಲ್ಲೇ ನಿಂತು ಕಲಿತರು.

ಹೋಗಲೇಬೇಕು ಎನ್ನುವವರು

ಇವತ್ತಿನ ಚರ್ಚೆಯಲ್ಲಿ ನಾಲ್ಕು ಪಂಥಗಳಿವೆ. ಹೋಗಲೇಬೇಕು ಎನ್ನುವ ಮೊದಲ ಪಂಥದವರ ವಾದಕ್ಕೆ ಗಟ್ಟಿಯಾದ ಆಧಾರವಿದೆ. ಸಾಗರ ಸಂಶೋಧನೆ ದುಬಾರಿ. ದೋಣಿ, ಡೈವಿಂಗ್ ಸಲಕರಣೆ, ನೀರಿನಡಿಯ ಧ್ವನಿಗ್ರಾಹಕ, ಉಪಗ್ರಹಕ್ಕೆ ಸಂಕೇತ ಕಳಿಸುವ ಪಟ್ಟಿ, ಇವೆಲ್ಲ ನಮ್ಮ ಜಿಲ್ಲಾ ಕಾಲೇಜುಗಳ ಕೈಗೆ ಎಟುಕುವಂಥವಲ್ಲ. ಜೊತೆಗೆ ನಮ್ಮಲ್ಲಿ ಕಡಲಾಮೆ, ತಿಮಿಂಗಿಲ, ಕಡಲಹಸು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ತಿಮಿಂಗಿಲ ಶಾರ್ಕ್ 2001ರಲ್ಲಿ ಸೇರಿತು. ಇವುಗಳನ್ನು ಹಿಡಿದು ಮುಟ್ಟಿ ಅಧ್ಯಯನ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ರಕ್ಷಣೆಗೆ ಆ ಕಾನೂನು ಬೇಕೇ ಬೇಕು. ಆದರೆ ಅರ್ಜಿ ಹಾಕಿ ಕಾಯುವುದರಲ್ಲೇ ಬಿಎಸ್ಸಿ ವಿದ್ಯಾರ್ಥಿಯ ರಜೆ ಮುಗಿದು ಹೋಗುತ್ತದೆ. ಅನುಮತಿ ಪಡೆದು ವರ್ಷಗಳಿಂದ ನಡೆಯುತ್ತಿರುವ ವಿದೇಶಿ ಕೇಂದ್ರಕ್ಕೆ ಸೇರಿದರೆ ಮೊದಲ ವಾರದಿಂದಲೇ ಕೆಲಸ ಸಿಗುತ್ತದೆ.

ಆ ಕೆಲಸ ಎಂಥದ್ದು? ರಾತ್ರಿ ಮರಳಿನ ಮೇಲೆ ನಡೆದು ಆಮೆಯ ಚಿಪ್ಪನ್ನು ಅಳತೆಪಟ್ಟಿಯಿಂದ ಅಳೆಯುವುದು, ಗೂಡಿನ ಆಳ ಮತ್ತು ಉಷ್ಣಾಂಶ ಬರೆದಿಡುವುದು. ಡಾಲ್ಫಿನ್‌ಗಳ ಬೆನ್ನುರೆಕ್ಕೆಯ ಅಂಚಿನಲ್ಲಿರುವ ಹರಿದ ಗುರುತುಗಳ ಫೋಟೋ ತೆಗೆದು ಹಳೆಯವುಗಳ ಜೊತೆ ಹೋಲಿಸುವುದು. ತಿಮಿಂಗಿಲ ಶಾರ್ಕ್‌ನ ಮೈಮೇಲಿನ ಬಿಳಿ ಚುಕ್ಕಿಗಳ ವಿನ್ಯಾಸ ಒಂದರದ್ದು ಇನ್ನೊಂದರದ್ದಕ್ಕೆ ಹೊಂದುವುದಿಲ್ಲ. ಆಕಾಶದ ನಕ್ಷತ್ರಗಳ ಫೋಟೋಗಳನ್ನು ಹೊಂದಿಸಲು ಖಗೋಳ ವಿಜ್ಞಾನಿಗಳು ರೂಪಿಸಿದ್ದ ಗಣಿತವನ್ನೇ 2005ರಲ್ಲಿ ಈ ಚುಕ್ಕಿಗಳಿಗೂ ಅಳವಡಿಸಿ, ಒಂದೊಂದು ಶಾರ್ಕ್ ಅನ್ನೂ ಬಿಡಿಯಾಗಿ ಗುರುತಿಸುವುದು ಸಾಧ್ಯವಾಯಿತು. ಇಂಥ ವಿಧಾನವನ್ನು ಪುಸ್ತಕದಲ್ಲಿ ಓದುವುದಕ್ಕೂ ಸ್ವತಃ ಮಾಡುವುದಕ್ಕೂ ಇರುವ ಅಂತರ ದೊಡ್ಡದು. ಹೋಗಲೇಬೇಕು ಎನ್ನುವವರ ಮುಖ್ಯ ಮಾತು ಇದೇ, ಮತ್ತು ಇದು ನಿಜ.

ಅವರು ಉದಾಹರಣೆಯಾಗಿ ತೋರಿಸುವವರಲ್ಲಿ ಶ್ರೀಲಂಕಾದ ಆಶಾ ಡಿ ವೋಸ್ ಮೊದಲಿಗರು. ಸ್ಕಾಟ್ಲೆಂಡಿನಲ್ಲಿ ಪದವಿ ಮುಗಿಸಿದ ಆಕೆ ತಿಮಿಂಗಿಲ ಸಂಶೋಧನೆಯ ಒಂದು ವಿದೇಶಿ ಹಡಗಿಗೆ ಬಿಡದೆ ಪತ್ರ ಬರೆದು, ಹಡಗಿನ ತಳಮಟ್ಟದ ಕೆಲಸಗಳನ್ನೆಲ್ಲ ಮಾಡುತ್ತೇನೆಂದು ಹತ್ತಿದರು. 2003ರಲ್ಲಿ ಆ ಹಡಗು ಶ್ರೀಲಂಕಾದ ಹತ್ತಿರ ಬಂದಾಗ ನೀಲಿ ತಿಮಿಂಗಿಲಗಳ ಗುಂಪನ್ನೂ ನೀರಿನ ಮೇಲೆ ತೇಲುತ್ತಿದ್ದ ಅವುಗಳ ಕೆಂಪು ಮಲವನ್ನೂ ಕಂಡರು. ನೀಲಿ ತಿಮಿಂಗಿಲಗಳು ತಣ್ಣನೆಯ ಕಡಲಿಗೆ ಹೋಗಿ ಮೇಯುತ್ತವೆ ಎಂಬುದು ಪಠ್ಯದ ಮಾತು. ಇವು ಉಷ್ಣವಲಯದಲ್ಲೇ ಮೇಯುತ್ತಿದ್ದವು. ಅವರ ಜೀವಮಾನದ ಸಂಶೋಧನೆ ಅಲ್ಲಿಂದ ಶುರುವಾಯಿತು. ಹಡಗು ಹೊರಗಿನದು, ತಿಮಿಂಗಿಲ ಅವರ ಊರಿನದೇ.

ನಮ್ಮ ಜಿಲ್ಲೆಯ ನಂಟಿರುವ ಇನ್ನೊಂದು ಉದಾಹರಣೆ ಸಸ್ಯಶಾಸ್ತ್ರದ್ದು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಮಗ ಬಿ.ಜಿ.ಎಲ್. ಸ್ವಾಮಿ 1940ರ ದಶಕದ ಕೊನೆಗೆ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೇಲಿ ಅವರ ಬಳಿ ಕೆಲಸ ಮಾಡಿದರು. ಹಿಂತಿರುಗಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದರು, ಹೊಸ ಸಸ್ಯವೊಂದಕ್ಕೆ ಆ ಗುರುವಿನ ಹೆಸರಿಟ್ಟರು. ಗಮನಿಸಬೇಕಾದ್ದು ಬೇರೆ ಇದೆ. ಹಾರ್ವರ್ಡ್ ಮೆಟ್ಟಿಲು ಹತ್ತುವ ಮೊದಲೇ ಅವರು ಬೆಂಗಳೂರಿನಲ್ಲಿ ಕೂತು ಆರ್ಕಿಡ್‌ಗಳ ಭ್ರೂಣಶಾಸ್ತ್ರದ ಮೇಲೆ ಗಟ್ಟಿ ಕೆಲಸ ಮಾಡಿ ಮುಗಿಸಿದ್ದರು.

ದುಡಿಯುವುದಕ್ಕೂ ದುಡ್ಡು ಕೊಡಬೇಕೆ?

ಎರಡನೆಯ ಪಂಥದವರ ತಕರಾರು ಹಣದ್ದು. 2015ರಲ್ಲಿ ಆರಿಯೆಲ್ ಫೋರ್ನಿಯೆ ಮತ್ತು ಅಲೆಕ್ಸಾಂಡರ್ ಬಾಂಡ್ ಎಂಬ ಇಬ್ಬರು ವನ್ಯಜೀವಿ ವಿಜ್ಞಾನಿಗಳು, ಸಂಬಳವಿಲ್ಲದ ಕ್ಷೇತ್ರ ಸಹಾಯಕರನ್ನು ನೆಚ್ಚಿಕೊಳ್ಳುವುದು ಇಡೀ ಶಾಸ್ತ್ರಕ್ಕೇ ಕೆಡುಕು ಎಂದು ನೇರವಾಗಿ ಬರೆದರು. ಪುಕ್ಕಟೆ ದುಡಿಯಬಲ್ಲವರು ಉಳ್ಳವರ ಮಕ್ಕಳು. ಅನುಭವ ಅವರಿಗೆ ಸಿಗುತ್ತದೆ, ಅನುಭವ ಇದ್ದವರಿಗೆ ಮುಂದಿನ ಹುದ್ದೆ ಸಿಗುತ್ತದೆ. ಹೀಗೆ ಬಡವರು ಮೊದಲ ಮೆಟ್ಟಿಲಿನಲ್ಲೇ ಉದುರಿ ಹೋಗುತ್ತಾರೆ. ಪುಕ್ಕಟೆ ದುಡಿಮೆಯೇ ಹೀಗಾದರೆ ಶುಲ್ಕ ಕಟ್ಟಿ ದುಡಿಯುವುದನ್ನು ಏನೆನ್ನಬೇಕು?

ಇದಕ್ಕೆ ಕೇಂದ್ರಗಳ ಉತ್ತರವೂ ಇದೆ, ಕೇಳಿಸಿಕೊಳ್ಳಬೇಕು. ಸಣ್ಣ ದ್ವೀಪದ ಸಂಶೋಧನಾ ಕೇಂದ್ರಕ್ಕೆ ಸರ್ಕಾರದ ಅನುದಾನ ಕಡಿಮೆ. ಊಟ, ಮಲಗಲು ಜಾಗ, ದೋಣಿಯ ಡೀಸೆಲ್, ಹೊಸಬರಿಗೆ ಕಲಿಸುವವರ ಸಮಯ, ಎಲ್ಲಕ್ಕೂ ಖರ್ಚಿದೆ. ವಿದ್ಯಾರ್ಥಿಗಳ ಶುಲ್ಕ ನಿಂತರೆ ದಶಕಗಳಿಂದ ಬರೆದಿಟ್ಟ ಲೆಕ್ಕವೇ ನಿಲ್ಲುತ್ತದೆ. ಪ್ರಾಮಾಣಿಕವಾದ ಕೇಂದ್ರಗಳ ಮಟ್ಟಿಗೆ ಈ ಮಾತು ಒಪ್ಪಬಹುದು. ಆದರೆ ಅದೇ ಸಾಲಿನಲ್ಲಿ ಪ್ರವಾಸವನ್ನೇ ಸಂಶೋಧನೆಯೆಂದು ಮಾರುವವರೂ ನಿಂತಿದ್ದಾರೆ, ಹೊರಗಿನಿಂದ ನೋಡುವ ವಿದ್ಯಾರ್ಥಿಗೆ ಎರಡೂ ಒಂದೇ ತರಹ ಕಾಣುತ್ತವೆ.

ವಿದ್ಯಾರ್ಥಿ ಹಣ ಕಟ್ಟಬೇಕಿಲ್ಲದ ದಾರಿಗಳೂ ಇವೆ. ಜಪಾನಿನ ಓಕಿನಾವಾ ವಿಜ್ಞಾನ ತಂತ್ರಜ್ಞಾನ ಸಂಸ್ಥೆ ಹವಳ, ಮೀನುಗಳ ಮೇಲೆ ಕೆಲಸ ಮಾಡುವ ತನ್ನ ಪ್ರಯೋಗಾಲಯಗಳಿಗೆ ಎಲ್ಲ ದೇಶಗಳ ವಿದ್ಯಾರ್ಥಿಗಳನ್ನೂ ಪ್ರಯಾಣ, ವಸತಿ, ಭತ್ಯೆ ಕೊಟ್ಟು ಕರೆಸಿಕೊಳ್ಳುತ್ತದೆ. ಕೆಂಪು ಸಮುದ್ರದ ದಡದಲ್ಲಿರುವ ಸೌದಿಯ ಕೌಸ್ಟ್ ವಿಶ್ವವಿದ್ಯಾಲಯಕ್ಕೂ ಅಂಥ ಯೋಜನೆ ಇದೆ. ಕೆನಡಾದ ಮೈಟಾಕ್ಸ್ ಸಂಸ್ಥೆ ಭಾರತದ ಪದವಿ ವಿದ್ಯಾರ್ಥಿಗಳನ್ನು ತೆಗೆದುಕೊಂಡಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಪದವಿ ವಿದ್ಯಾರ್ಥಿಗಳಿಗೆ ನಡೆಸುವ ದೊಡ್ಡ ಬೇಸಿಗೆ ಯೋಜನೆಯ ಹಣ ಮಾತ್ರ ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮೀಸಲು. ಅದಕ್ಕೆ ಅರ್ಜಿ ಹಾಕಿ ನಿರಾಶರಾಗುವ ಅಗತ್ಯವಿಲ್ಲ. ಇಂಥ ಜಾಗಗಳಿಗೆ ಪೈಪೋಟಿ ಬಿರುಸು. ಆದರೆ ಆಯ್ಕೆಯಾಗುವುದು ಅಂಕ, ಬರವಣಿಗೆ, ಹಿಂದೆ ಮಾಡಿದ ಸಣ್ಣ ಕೆಲಸದ ಮೇಲೆ. ಅಪ್ಪನ ಜಮೀನು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಯಾರ ಕಡಲು, ಯಾರ ವಿಜ್ಞಾನ

ಮೂರನೆಯ ಪಂಥದವರು ಇನ್ನೂ ಆಳಕ್ಕೆ ಅಗೆಯುತ್ತಾರೆ. ಶ್ರೀಮಂತ ದೇಶದ ಸಂಶೋಧಕರು ಬಡ ದೇಶದ ಕಡಲಿಗೆ ಇಳಿದು, ಮಾಹಿತಿ ಎತ್ತಿಕೊಂಡು, ಸ್ಥಳೀಯರನ್ನು ಮೂಟೆ ಹೊರುವುದಕ್ಕಷ್ಟೇ ಬಳಸಿ ಹೊರಟುಹೋಗುವುದನ್ನು ಪ್ಯಾರಾಚೂಟ್ ವಿಜ್ಞಾನ ಎನ್ನುತ್ತಾರೆ. ಇದನ್ನು ಜಗತ್ತಿನ ಮುಂದೆ ಗಟ್ಟಿ ದನಿಯಲ್ಲಿ ಹೇಳಿದವರಲ್ಲಿ ಅದೇ ಆಶಾ ಡಿ ವೋಸ್ ಒಬ್ಬರು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಇಂಡೊನೇಷ್ಯಾ ಮತ್ತು ಫಿಲಿಪೀನ್ಸ್‌ನ ಹವಳದ ದಿಬ್ಬಗಳಲ್ಲಿ ನಡೆದ ಕ್ಷೇತ್ರಕಾರ್ಯದ ಸುಮಾರು ಶೇಕಡಾ 40ರಷ್ಟು ಪ್ರಬಂಧಗಳಲ್ಲಿ ಆ ದೇಶದ ಒಬ್ಬ ವಿಜ್ಞಾನಿಯ ಹೆಸರೂ ಇರಲಿಲ್ಲ.

ಕೋಲಾರದ ವಿದ್ಯಾರ್ಥಿನಿಗೂ ಇದಕ್ಕೂ ಏನು ಸಂಬಂಧ ಎನ್ನಿಸಬಹುದು. ಸಂಬಂಧವಿದೆ. ಆಕೆ ಹಣ ಕಟ್ಟಿ ಆಫ್ರಿಕಾದ ಕರಾವಳಿಗೆ ಹೋದರೆ, ಅಲ್ಲಿನ ಮೀನುಗಾರರ ಮಗಳಿಗೆ ಸಿಗಬೇಕಿದ್ದ ಕೆಲಸವನ್ನು ತಾನು ದುಡ್ಡು ಕೊಟ್ಟು ಕೊಂಡಂತೆ ಆಗುತ್ತದೆಯೇ? ಈ ಪಂಥದವರು ಹೌದು ಎನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸ್ಥಳೀಯರಿಗೂ ತರಬೇತಿ ಕೊಟ್ಟು ಅವರ ಹೆಸರನ್ನು ಪ್ರಬಂಧದಲ್ಲಿ ಸೇರಿಸುವ ಕೇಂದ್ರಗಳಿವೆ. ಆದರೆ ಅರ್ಜಿ ಹಾಕುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದು.

ಹೊರಗಿನ ವಿಜ್ಞಾನಿಗಳಿಗೆ ಕೊಡುವ ಆತಿಥ್ಯ ಹೇಗಿರಬೇಕೆಂಬುದಕ್ಕೆ ಮಾದರಿ ನಮ್ಮ ನೆಲದ ಅಡಿಯಲ್ಲೇ ಇದೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್ 1951ರಲ್ಲಿ, ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ವಿಶ್ವಕಿರಣಗಳನ್ನು ಅಳೆಯಲು ಕೆಜಿಎಫ್ ಗಣಿಗೆ ಇಳಿದರು. 1965ರಲ್ಲಿ ಅದೇ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳು ಕೂಡಿ ವಾತಾವರಣದ ನ್ಯೂಟ್ರಿನೊಗಳ ಗುರುತನ್ನು ಹಿಡಿದವು. ಹೊರಗಿನವರು ಬಂದರು, ಸಲಕರಣೆ ತಂದರು; ಪ್ರಬಂಧದಲ್ಲಿ ಭಾರತೀಯರ ಹೆಸರುಗಳೇ ಮೊದಲಿದ್ದವು. ಗಣಿ ನಮ್ಮದಾಗಿತ್ತು, ಅಲ್ಲಿ ಕೇಳಿದ ಪ್ರಶ್ನೆಯೂ ನಮ್ಮದಾಗಿತ್ತು.

ಹತ್ತಿರದ ಕಡಲು

ನಾಲ್ಕನೆಯ ಪಂಥ ಮೊದಲು ಇಲ್ಲಿ ಕಲಿಯಿರಿ ಎನ್ನುತ್ತದೆ. ಕರ್ನಾಟಕದ ಕರಾವಳಿಯೇ 300 ಕಿಲೋಮೀಟರಿಗೂ ಉದ್ದ. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಇದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ, ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಚಿಪ್ಪುಜೀವಿ, ಕಾರವಾರದ ದ್ವೀಪಗಳ ಸುತ್ತ ಡಾಲ್ಫಿನ್, ಹೊನ್ನಾವರದ ಮರಳಿನಲ್ಲಿ ಆಮೆಯ ಗೂಡು. ಬೆಂಗಳೂರಿನಲ್ಲೇ ಕಡಲ ಮೇಲೆ ಕೆಲಸ ಮಾಡುವವರಿದ್ದಾರೆ: ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಆಮೆಗಳನ್ನೂ ಮೀನುಗಾರಿಕೆಯನ್ನೂ ಅಧ್ಯಯನ ಮಾಡುವ ದಕ್ಷಿಣ್ ಫೌಂಡೇಶನ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವನ್ಯಜೀವಿ ಸ್ನಾತಕೋತ್ತರ ಕೋರ್ಸು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನ ಕಚೇರಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿದೆ. ಎರಡು ತಿಂಗಳು ಹಣ ಕೊಟ್ಟು ಒಬ್ಬ ವಿಜ್ಞಾನಿಯ ಬಳಿ ಕೆಲಸಕ್ಕೆ ಕಳಿಸುವ ಈ ಯೋಜನೆಯ ಸುದ್ದಿ ನಮ್ಮ ತಾಲ್ಲೂಕು ಕಾಲೇಜುಗಳ ಸೂಚನಾ ಫಲಕಕ್ಕೆ ಬರಬೇಕು.

ಆದರೆ ಕೋಲಾರದಿಂದ ಮಂಗಳೂರು 400 ಕಿಲೋಮೀಟರಿಗೂ ದೂರ, ಚೆನ್ನೈ 300ಕ್ಕಿಂತ ಕಡಿಮೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಸಾಕು. ಅಲ್ಲಿ ವಿದ್ಯಾರ್ಥಿಗಳೇ 1988ರಲ್ಲಿ ಕಟ್ಟಿದ ಕಡಲಾಮೆ ಸಂರಕ್ಷಣಾ ಜಾಲವಿದೆ. ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ ರಾತ್ರಿಯಿಡೀ ನಡೆದು, ಆಮೆಯ ಮೊಟ್ಟೆಗಳನ್ನು ಎತ್ತಿ ಮರಿಮನೆಗೆ ಸೇರಿಸುವ ಕೆಲಸವನ್ನು ಅವರು ಇವತ್ತಿಗೂ ಮಾಡುತ್ತಾರೆ. ಆ ನಡಿಗೆಗೆ 1970ರ ದಶಕದಲ್ಲಿ ಅಡಿಪಾಯ ಹಾಕಿದವರ ಜೊತೆಗಿದ್ದ ಸತೀಶ್ ಭಾಸ್ಕರ್ ಐಐಟಿ ಓದನ್ನು ಅರ್ಧಕ್ಕೆ ಬಿಟ್ಟವರು. 1982ರ ಮಳೆಗಾಲವಿಡೀ ಲಕ್ಷದ್ವೀಪದ ಜನವಸತಿಯಿಲ್ಲದ ಸುಹೇಲಿಯಲ್ಲಿ ಒಬ್ಬರೇ ಉಳಿದು ಆಮೆಗಳ ಲೆಕ್ಕ ಬರೆದರು. ಭಾರತದ ಕಡಲಾಮೆಗಳ ಬಗ್ಗೆ ಇವತ್ತು ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಅವರ ಕಾಲ್ನಡಿಗೆಯದು.

2025ರ ಜನವರಿಯಲ್ಲಿ ಚೆನ್ನೈ ಮತ್ತು ಸುತ್ತಲಿನ ದಡಕ್ಕೆ ಸಾವಿರಕ್ಕೂ ಹೆಚ್ಚು ಸತ್ತ ಆಮೆಗಳು ಬಂದು ಬಿದ್ದವು. ಉಸಿರಿಗೆ ಮೇಲೆ ಬರಲಾಗದೆ ಬಲೆಗಳಲ್ಲಿ ಸಿಕ್ಕಿ ಸತ್ತವೇ ಹೆಚ್ಚು ಎಂದು ತಜ್ಞರು ಹೇಳಿದರು. ಬೇತಮಂಗಲದ ನೀರು ಹರಿದು ಹೋಗುವ ಆ ದಡದಲ್ಲಿ ಎಣಿಸುವವರು, ಅಳೆಯುವವರು, ಮೀನುಗಾರರ ಜೊತೆ ಕೂತು ಮಾತಾಡುವವರು ಸಾಲದು. ದೂರದ ಶಾರ್ಕ್‌ಗೆ ಇರುವಷ್ಟೇ ಬೆಲೆ ಈ ಕೆಲಸಕ್ಕೂ ಇದೆ. ಕೋಲಾರದ ಗಡಿ ಭಾಗದ ಎಷ್ಟೋ ಮಕ್ಕಳಿಗೆ ತೆಲುಗು, ತಮಿಳು ಎರಡೂ ನಾಲಿಗೆಯ ಮೇಲಿವೆ. ಆ ದಡದ ಮೀನುಗಾರರ ಜೊತೆ ಮಾತಿಗೆ ಕೂರಲು ಇದಕ್ಕಿಂತ ದೊಡ್ಡ ಅರ್ಹತೆ ಯಾವುದು?

ಈ ಪಂಥದ ದೌರ್ಬಲ್ಯವನ್ನೂ ಹೇಳಬೇಕು. ಇಲ್ಲಿಯೂ ಸಂಬಳವಿಲ್ಲದ ದುಡಿಮೆ ಬೇಕಾದಷ್ಟಿದೆ. ಎಷ್ಟೋ ಸಂಸ್ಥೆಗಳಿಗೆ ಕಳಿಸಿದ ಮಿಂಚಂಚೆಗೆ ಉತ್ತರವೇ ಬರುವುದಿಲ್ಲ.

ಒಂದು ಮನೆಯ ಲೆಕ್ಕ

ಟೊಮೆಟೊ ಬೆಲೆ ಬಿದ್ದರೆ ಕೊಯ್ಲಿನ ಕೂಲಿಯೂ ಹುಟ್ಟದ ಮನೆ, ಶ್ರೀನಿವಾಸಪುರದ ಮಾವು ಕೈಕೊಟ್ಟರೆ ವರ್ಷ ಸಾಗಿಸುವುದೇ ಕಷ್ಟವಾಗುವ ಮನೆ, ಡೇರಿಯ ಹಾಲಿನ ಬಟವಾಡೆಯಲ್ಲಿ ಕಾಲೇಜು ಫೀಸು ಕಟ್ಟುವ ಮನೆ. ಅಂಥ ಮನೆಯ ಮುಂದೆ ಶುಲ್ಕ, ವಿಮಾನ, ವೀಸಾ, ವಿಮೆ, ಡೈವಿಂಗ್ ತರಬೇತಿ ಎಲ್ಲ ಕೂಡಿದ ಹಲವು ಲಕ್ಷಗಳ ಲೆಕ್ಕ ಇಟ್ಟರೆ ಏನಾಗುತ್ತದೆ? ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಾಗಲಿ, ಪರಿಶಿಷ್ಟರಿಗೆಂದು ರಾಜ್ಯ ತಂದ ಪ್ರಬುದ್ಧ ಯೋಜನೆಯಾಗಲಿ ಪದವಿ ಓದಲು ಹೋಗುವವರಿಗೆ. ಕೆಲವು ವಾರಗಳ ಇಂಟರ್ನ್‌ಶಿಪ್‌ಗೆ ಅವು ಒದಗುವುದಿಲ್ಲ. ಇನ್ನು ವೀಸಾ: ಎಷ್ಟೋ ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಇಂಥ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಹಣ ಕಟ್ಟಿಸಿಕೊಳ್ಳುವ ಕೆಲವರು ಇದನ್ನು ಹೇಳುವುದೇ ಇಲ್ಲ.

ನಾಲ್ಕೂ ಪಂಥಗಳನ್ನು ತೂಗಿ ನೋಡಿದಾಗ ನನ್ನ ಮಾತು ಇಷ್ಟು. ಕೈಯಲ್ಲಿ ತಮ್ಮದೇ ಪ್ರಶ್ನೆ ಇಟ್ಟುಕೊಂಡು ಹೋದವರಿಗೆ ಹೊರದೇಶ ಫಲ ಕೊಟ್ಟಿದೆ. ಆ ಪ್ರಶ್ನೆ ಹುಟ್ಟುವುದು ಹತ್ತಿರದ ದಡದಲ್ಲಿ, ಊರಿನ ಕೆರೆಯಲ್ಲಿ ಕೂಡ. ಕೆರೆಯ ಮೀನುಗಳನ್ನು ಒಂದು ವರ್ಷ ತಿಂಗಳು ತಿಂಗಳು ಎಣಿಸಿ ಪಟ್ಟಿ ಮಾಡಿದ ವಿದ್ಯಾರ್ಥಿಗೆ ಓಕಿನಾವಾದ ಅರ್ಜಿಯಲ್ಲಿ ಬರೆಯಲು ವಿಷಯವಿರುತ್ತದೆ. ವಿದೇಶಿ ಇಂಟರ್ನ್‌ಶಿಪ್‌ಗಾಗಿ ಜಮೀನಿನ ಮೇಲೆ, ಒಡವೆಯ ಮೇಲೆ ಸಾಲ ಮಾಡುವುದು ತಪ್ಪು. ಅವರು ಹಣ ಕೊಟ್ಟು ಕರೆದರೆ ಹೋಗದಿರುವುದೂ ಅಷ್ಟೇ ತಪ್ಪು.

ಇನ್ನೂ ಇತ್ಯರ್ಥವಾಗದವು

ಹಲವು ಪ್ರಶ್ನೆಗಳು ತೆರೆದೇ ಇವೆ. ಇಂಥ ಇಂಟರ್ನ್‌ಶಿಪ್ ಮಾಡಿದವರಲ್ಲಿ ಎಷ್ಟು ಮಂದಿ ವಿಜ್ಞಾನದಲ್ಲಿ ಉಳಿದರು? ಕೇಂದ್ರಗಳು ಗೆದ್ದವರ ಕಥೆಗಳನ್ನು ಹೇಳುತ್ತವೆ, ಬಿಟ್ಟುಹೋದವರ ಲೆಕ್ಕವನ್ನು ಮುಂದಿಡುವುದಿಲ್ಲ. ಅನುಭವ ಕಡಿಮೆಯಿರುವ ಕೈಗಳು ದಾಖಲಿಸಿದ ಮಾಹಿತಿಯನ್ನು ಎಷ್ಟು ನಂಬಬಹುದು ಎಂಬುದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಪ್ರತಿ ಬೇಸಿಗೆಯಲ್ಲೂ ವಿದ್ಯಾರ್ಥಿಗಳನ್ನು ವಿಮಾನದಲ್ಲಿ ಸಾಗಿಸಿ, ಬಿಸಿಯಾಗಿ ಬಿಳಿಚುತ್ತಿರುವ ಹವಳವನ್ನು ಅಧ್ಯಯನ ಮಾಡಿಸುವುದು ಸರಿಯೇ ಎಂದು ಕೇಳುವವರೂ ಹೆಚ್ಚುತ್ತಿದ್ದಾರೆ. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಇಂಟರ್ನ್‌ಶಿಪ್‌ಗೆ ಪಠ್ಯಕ್ರಮದಲ್ಲಿ ಎಷ್ಟು ಜಾಗ, ಹೊರದೇಶದ ಸ್ನಾತಕೋತ್ತರಕ್ಕೆ ಮೂರು ವರ್ಷದ ಪದವಿ ಎಲ್ಲೆಲ್ಲಿ ಸಾಕು ಎಂಬ ಗೊಂದಲವನ್ನು ವಿದ್ಯಾರ್ಥಿಗಳು ಒಬ್ಬೊಬ್ಬರೇ ಬಿಡಿಸಿಕೊಳ್ಳಬೇಕಾಗಿದೆ.

ಇವಕ್ಕೆಲ್ಲ ನಾವು ಕಾಯಬೇಕು. ಒಂದು ಕೆಲಸಕ್ಕೆ ಮಾತ್ರ ಕಾಯುವ ಅಗತ್ಯವಿಲ್ಲ. ಕೋಲಾರದ ಟಮಕದಲ್ಲೇ 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಜಿಲ್ಲೆಯ ಪದವಿ ಕಾಲೇಜುಗಳು ಅದರ ಅಡಿಯಲ್ಲಿವೆ. ನೇಪಲ್ಸ್‌ನಲ್ಲಿ ಒಂದು ಮೇಜಿಗಾಗಿ ಹೆಂಗಸರು ಹಣ ಕೂಡಿಸಿದಂತೆ, ಈ ವಿಶ್ವವಿದ್ಯಾಲಯವೂ ಜಿಲ್ಲೆಯ ಕಾಲೇಜುಗಳೂ ಹಳೆಯ ವಿದ್ಯಾರ್ಥಿಗಳೂ ಕೂಡಿ ವರ್ಷಕ್ಕೆ ಇಬ್ಬರನ್ನು, ಮೊದಲು ಚೆನ್ನೈನ ದಡಕ್ಕೆ, ಆಮೇಲೆ ಗೋವಾ ಅಥವಾ ಕಾರವಾರಕ್ಕೆ, ಅಲ್ಲಿ ಸೈ ಎನಿಸಿಕೊಂಡವರನ್ನು ಹೊರದೇಶಕ್ಕೆ ಕಳಿಸುವ ನಿಧಿಯೊಂದನ್ನು ಮಾಡಬೇಕು. ಪ್ರಾಣಿಶಾಸ್ತ್ರದ ಅಧ್ಯಾಪಕರು ಬರುವ ಜನವರಿಯ ಆಮೆ ನಡಿಗೆಗೆ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದರಿಂದ ಇದನ್ನು ಶುರು ಮಾಡಲಿ.